ಅಪ್ಪಯ್ಯನಿಗೆ ಕರಗುವ ಸ್ಟೆಂಟ್ ಯಾಕೆ ಹಾಕಿಸಲಿಲ್ಲ ಅಂದ್ರೆ

ಮೊನ್ನೆ ಅಪ್ಪಯ್ಯ ಅಡಿಕೆ ಸುಲಿಯುವಾಗ ಬೆರಳು ಕೊಯ್ದುಕೊಂಡ. ಸಣ್ಣ ಗಾಯ. ಆಯಿ ಬಟ್ಟೆ ಸುತ್ತಿ ಹತ್ತು ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಹೃದಯದ ರಕ್ತನಾಳ ಮುಚ್ಚದಂತೆ ಒಳಗೆ ಲೋಹದ ಸ್ಟೆಂಟ್, ಅಂದ್ರೆ ಸಣ್ಣ ಜಾಲರಿ ಕೊಳವೆ, ಹಾಕಿ ಎಂಟು ತಿಂಗಳಾಯ್ತು, ರಕ್ತ ತೆಳು ಮಾಡುವ ಗುಳಿಗೆ ಎರಡು ನಡೀತಾ ಇದೆ, ಅದಕ್ಕೇ ಹೀಗೆ. ಅಲ್ಲೇ ಕೂತಿದ್ದ ಭಾವ "ಅವತ್ತೇ ಕರಗುವ ಸ್ಟೆಂಟ್ ಹಾಕ್ಸಿದ್ರೆ ಈ ಗುಳಿಗೆ ಕಾಟವೇ ಇರ್ತಿರ್ಲಿಲ್ಲ, ದುಡ್ಡಿನ ಮುಖ ನೋಡಿದೆ ನೀನು" ಅಂದುಬಿಟ್ಟ. ರಾತ್ರಿಯಿಡೀ ನನಗೆ ನಿದ್ದೆ ಬರಲಿಲ್ಲ.

ಇಂಥ ಮಾತು ಕೇಳಿ ಕೊರಗುವ ಮಕ್ಕಳು ನಮ್ಮ ಶಿರಸಿ ಕಡೆ ಬೇರೆಯವರೂ ಇರಬಹುದು, ಅವರಿಗಾಗಿ ಬರೀತಿದ್ದೇನೆ.

ಆಸೆ ಹುಟ್ಟಿಸುವ ವಿಚಾರವೇ ಅದು. ರಕ್ತನಾಳವನ್ನು ಸ್ವಲ್ಪ ಕಾಲ ತೆರೆದು ಹಿಡಿಯಬೇಕು, ವಾಸಿಯಾದ ಮೇಲೆ ಒಳಗೆ ಏನೂ ಉಳಿಯಬಾರದು. ಅಬಾಟ್ ಕಂಪನಿಯ ಅಬ್ಸಾರ್ಬ್ ಹಾಗೇ ಬಂತು. ಪ್ಲಾಸ್ಟಿಕ್‌ನಂಥ ವಸ್ತು, ಸುಮಾರು ಮೂರು ವರ್ಷದಲ್ಲಿ ಕರಗುತ್ತದೆ. ಆದರೆ ಅದಕ್ಕೆ ಲೋಹದ ಗಟ್ಟಿತನ ಇಲ್ಲವಲ್ಲ, ಜಾಲರಿಯ ಎಳೆ ದಪ್ಪ ಮಾಡಲೇಬೇಕಾಯ್ತು, ಸುಮಾರು 150 ಮೈಕ್ರಾನ್ (ಸಾವಿರ ಮೈಕ್ರಾನ್ ಅಂದ್ರೆ ಒಂದು ಮಿಲಿಮೀಟರ್). ಈಗಿನ ಲೋಹದ್ದು 60ರಿಂದ 80, ಒಂದು ತಲೆಕೂದಲಿನಷ್ಟು. ತೋಟದ ಕಾಲುವೆಯಲ್ಲಿ ದಪ್ಪ ಗೂಟ ಇದ್ರೆ ಕಸ ಸಿಕ್ಕಿಕೊಳ್ಳೋದಿಲ್ವಾ, ಹಾಗೆ ದಪ್ಪ ಎಳೆಯ ಬಳಿ ರಕ್ತ ಹೆಪ್ಪುಗಟ್ಟುವುದು ಜಾಸ್ತಿ. ಎರಡನ್ನೂ ಹೋಲಿಸಿ ನೋಡಿದ ಅಬ್ಸಾರ್ಬ್ 3 ಅಧ್ಯಯನದಲ್ಲಿ ಅಬ್ಸಾರ್ಬ್ ಹಾಕಿಸಿದವರಲ್ಲಿ ಮೂರು ವರ್ಷದೊಳಗೆ ಹಾಗೆ ಹೆಪ್ಪುಗಟ್ಟಿದ್ದು ನೂರಕ್ಕೆ 2.3 ಜನರಿಗೆ. ಲೋಹದ್ದು ಹಾಕಿಸಿದವರಲ್ಲಿ 0.7. ಅಬ್ಸಾರ್ಬ್‌ಗೆ ಅಮೆರಿಕದಲ್ಲಿ 2016ರಲ್ಲಿ ಒಪ್ಪಿಗೆ ಸಿಕ್ಕಿತ್ತು, 2017ರಲ್ಲಿ ಕಂಪನಿಯೇ ಮಾರಾಟ ನಿಲ್ಲಿಸಿತು. ಆಮೇಲೆ ತೆಳುವಾದವೂ ಬಂದಿವೆ, ನಮ್ಮ ದೇಶದ ಮೆರಿಲ್ ಕಂಪನಿಯದು 100 ಮೈಕ್ರಾನ್. ಮುಂದೆ ಒಳ್ಳೆಯದೇ ಆಗಲಿ. ಆದರೆ ಅಪ್ಪಯ್ಯನ ಎದೆಗೆ ನನಗೆ ಬೇಕಾದದ್ದು ಸಾವಿರಾರು ಜನರಲ್ಲಿ ಹಾಕಿ ನೋಡಿ ಖಾತ್ರಿಯಾದ ಸ್ಟೆಂಟ್. ಇಲ್ಲಿಂದ ಹೃದಯದ ಆಸ್ಪತ್ರೆ ಇರುವ ಹುಬ್ಬಳ್ಳಿ ನೂರು ಕಿಲೋಮೀಟರ್. ನಡುರಾತ್ರಿ ಹೆಪ್ಪುಗಟ್ಟಿದ್ರೆ ಆ ದಾರಿಯಲ್ಲಿ ಏನಾಗ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ದುಡ್ಡಿನ ಮಾತೂ ಸುಳ್ಳು. 2017ರ ಫೆಬ್ರವರಿಯಲ್ಲಿ ಸರ್ಕಾರ ಔಷಧ ಲೇಪಿಸಿದ ಲೋಹದ್ದಕ್ಕೂ ಕರಗುವುದಕ್ಕೂ ಒಂದೇ ಗರಿಷ್ಠ ಬೆಲೆ ಕಟ್ಟಿತು, 29,600 ರೂಪಾಯಿ. ಗುಳಿಗೆಯೂ ಅಷ್ಟೇ, ಕರಗುವುದು ಹಾಕಿಸಿದವರೂ ವರ್ಷಗಟ್ಟಲೆ ನುಂಗಲೇಬೇಕು. ಡಾಕ್ಟರನ್ನು ಕೇಳದೆ ಸುಮ್ನೆ ಬಿಟ್ಟರೆ ಯಾವ ಸ್ಟೆಂಟೂ ಕಾಪಾಡುವುದಿಲ್ಲ.

ಆ ರಾತ್ರಿ ಅಪ್ಪಯ್ಯ "ಇವತ್ತೊಂದು ದಿನ ಗುಳಿಗೆ ಬಿಡ್ಲಾ?" ಅಂತ ಕೇಳಿದ. ಬೇಡ ಅಂದು ಡಾಕ್ಟರಿಗೆ ಫೋನ್ ಹಚ್ಚಿದೆ, ಅವರೂ ಬೇಡ ಅಂದರು. ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಎರಡನ್ನೂ ನುಂಗಿ ಮಲಗಿದ.