ಪರ-ವಿರೋಧ: ಲಕ್ವದ ಸಂಶೋಧನೆ ಕಲಿಯಲು ಫೆಲೋಶಿಪ್ ಬೇಕಾ?

ಈಗಷ್ಟೇ ಓದು ಮುಗಿಸಿದ ಡಾಕ್ಟರನ್ನೋ ಫಿಜಿಯೋಥೆರಪಿಸ್ಟನ್ನೋ ಎರಡು ಮೂರು ವರ್ಷ ವಾರ್ಡಿನಿಂದ ಬಿಡಿಸಿ, ಸಂಬಳ ಕೊಟ್ಟು, ಲಕ್ವದ ಬಗ್ಗೆ ಸಂಶೋಧನೆ ಮಾಡುವುದನ್ನು ಕಲಿಸಬೇಕೇ? ದಾವಣಗೆರೆಯ ಮೆಡಿಕಲ್ ಕಾಲೇಜು ಮೇಷ್ಟ್ರೊಬ್ಬರು ಮತ್ತು ಚಿತ್ರದುರ್ಗದ ಫಿಜಿಯೋಥೆರಪಿಸ್ಟ್ ಒಬ್ಬರು ಬರೆದಿದ್ದಾರೆ.

ಪರ

ಜಗಳೂರು ಕಡೆಯ ಹೆಂಗಸೊಬ್ಬರು ಗಂಡನನ್ನು ಕರೆತಂದಿದ್ದರು. ಬಾಯಿ ಎಡಕ್ಕೆ ಸೊಟ್ಟಗಾಗಿತ್ತು, ಬಲಗೈ ಜೋತುಬಿದ್ದಿತ್ತು. ಡ್ಯೂಟಿಯಲ್ಲಿದ್ದ ಪಿಜಿ ಹುಡುಗ ಕೇಳಿದ, "ಎಷ್ಟು ಗಂಟೆಗೆ ಆಯ್ತಮ್ಮಾ?"

"ಎಮ್ಮೆ ಹಿಂಡೋ ಹೊತ್ತಿಗೆ ಚೆನ್ನಾಗೇ ಇದ್ರಪ್ಪ. ಡೇರಿಗೆ ಹಾಲು ಹಾಕಿ ಬರೋದ್ರೊಳಗೆ ಹಿಂಗಾಗಿತ್ತು."

ಹುಡುಗ ಕೇಸ್ ಶೀಟಿನಲ್ಲಿ 'ಬೆಳಿಗ್ಗೆ' ಎಂದು ಬರೆದ.

ಅಲ್ಲೇ ಕೆಟ್ಟಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಲಕ್ವ ಆಗಿದ್ದರೆ, ಅದನ್ನು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. 1995ರಲ್ಲಿ ಈ ಗಡುವು ಮೂರೇ ಗಂಟೆ ಇತ್ತು. 2008ರ ಅಧ್ಯಯನವೊಂದು ಒಂದೂವರೆ ಗಂಟೆ ಸೇರಿಸಿತು. ಲೆಕ್ಕ ಶುರುವಾಗುವುದು ರೋಗಿ ಸರಿಯಾಗಿದ್ದದ್ದನ್ನು ಯಾರಾದರೂ ಕೊನೆಯ ಸಲ ನೋಡಿದ ಹೊತ್ತಿನಿಂದ. ನಮ್ಮಲ್ಲಿ ಅದು ಎಮ್ಮೆ ಹಿಂಡೋ ಹೊತ್ತು, ನಲ್ಲಿ ನೀರು ಬಿಡೋ ಹೊತ್ತು, ಮೊದಲ ಬಸ್ಸಿನ ಹೊತ್ತು. ಇದನ್ನು ಗಂಟೆ-ನಿಮಿಷಕ್ಕೆ ತರಬೇಕಾದರೆ ಏನೇನು ಕೇಳಬೇಕು? ಲಂಡನ್ನಿನವರು ಇದನ್ನು ಬರೆದು ಕಳಿಸುವುದಿಲ್ಲ. ಇಲ್ಲಿಯವರೇ ಕೂತು ಪ್ರಶ್ನೆಗಳನ್ನು ತಯಾರಿಸಬೇಕು, ಅದರಿಂದ ಉಪಯೋಗ ಆಯಿತಾ ಇಲ್ಲವಾ ಎಂದು ಅಳೆಯಬೇಕು. ಅಳೆಯುವುದು ಕಲಿತರೆ ಮಾತ್ರ ಬರುತ್ತದೆ.

ಸಂಶೋಧನೆ ಕಲಿಯಲು ಪಿಜಿ ಓದುವವರು ಬರೆಯುವ ಥೀಸಿಸ್ ಇದೆಯಲ್ಲ ಅನ್ನಬಹುದು. ಆ ಥೀಸಿಸ್‌ಗಳಿಗೆ ಸಹಿ ಹಾಕುವವನು ನಾನು, ನನಗೆ ಗೊತ್ತಿಲ್ವಾ? ನೈಟ್ ಡ್ಯೂಟಿ ಮುಗಿಸಿ, ಹಿಂದಿನ ಬ್ಯಾಚಿನವರ ಪ್ರತಿ ಪಕ್ಕಕ್ಕಿಟ್ಟುಕೊಂಡು, ಲೆಕ್ಕಾಚಾರಕ್ಕೆ ಹೊರಗಿನವರಿಗೆ ದುಡ್ಡು ಕೊಟ್ಟು ಮುಗಿಸುತ್ತಾರೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಬಿಡುವೇ ಇಲ್ಲ. ಫೆಲೋಶಿಪ್ ಕೊಡುವುದು ಈ ಬಿಡುವನ್ನು, ಜೊತೆಗೆ ತಪ್ಪು ತೋರಿಸಲು ಒಬ್ಬ ಗುರುವನ್ನು.

ದೇಶಕ್ಕೆ ಇದು ಹೊಸದೇನಲ್ಲ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 1979ರಿಂದಲೇ ಎಂಬಿಬಿಎಸ್ ಹುಡುಗರಿಗೆ ಎರಡು ತಿಂಗಳ ಸಂಶೋಧನೆಗೆ ಸ್ಟೈಪೆಂಡ್ ಕೊಡುತ್ತಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಸೇರಿ 2008ರಲ್ಲಿ ಶುರುಮಾಡಿದ ಇಂಡಿಯಾ ಅಲಯನ್ಸ್ ವರ್ಷಗಟ್ಟಲೆ ನಡೆಯುವ ಫೆಲೋಶಿಪ್ ಕೊಡುತ್ತದೆ. ಬ್ರಿಟನ್ನಿನ ಸ್ಟ್ರೋಕ್ ಅಸೋಸಿಯೇಷನ್ ಲಕ್ವಕ್ಕೇ ಅಂತ ಕೊಡುತ್ತದೆ, ನರ್ಸುಗಳೂ ಫಿಜಿಯೋಗಳೂ ಪಡೆದಿದ್ದಾರೆ.

ಫಿಜಿಯೋಗಳು ಸಾಲದಿದ್ದರೆ ಮನೆಯವರಿಗೇ ವ್ಯಾಯಾಮ ಕಲಿಸಿಬಿಟ್ಟರಾಯಿತು. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಭಾರತದ 14 ಆಸ್ಪತ್ರೆಗಳಲ್ಲಿ 1,250 ರೋಗಿಗಳೊಂದಿಗೆ ಇದನ್ನು ಪರೀಕ್ಷೆ ಮಾಡಿದರು. 'ಅಟೆಂಡ್' ಅಂತ ಅದರ ಹೆಸರು, ಫಲಿತಾಂಶ ಬಂದದ್ದು 2017ರಲ್ಲಿ. ಆರು ತಿಂಗಳಾದ ಮೇಲೆ, ಕಲಿಸಿದ ಗುಂಪಿನಲ್ಲೂ ಕಲಿಸದ ಗುಂಪಿನಲ್ಲೂ ನೂರಕ್ಕೆ 47 ಜನ ತೀರಿಹೋಗಿದ್ದರು, ಇಲ್ಲವೇ ಇನ್ನೊಬ್ಬರ ಆಸರೆಯಲ್ಲಿದ್ದರು. ಒಂದು ಕೂದಲೆಳೆಯೂ ವ್ಯತ್ಯಾಸ ಇಲ್ಲ. ಪರೀಕ್ಷೆ ಆಗದೇ ಹೋಗಿದ್ದರೆ ಇಷ್ಟು ಹೊತ್ತಿಗೆ ಅದೊಂದು ಯೋಜನೆಯಾಗಿ, ಊರೂರಲ್ಲಿ ಫ್ಲೆಕ್ಸ್ ಬಿದ್ದಿರುತ್ತಿತ್ತು. ಇಂಥ ಪರೀಕ್ಷೆ ಮಾಡಬಲ್ಲವರು ಬೆಂಗಳೂರಲ್ಲಿ ಮಾತ್ರ ಯಾಕಿರಬೇಕು?

ವಿರೋಧ

ಅಟೆಂಡ್ ಅಧ್ಯಯನ ನಾನೂ ಓದಿದ್ದೇನೆ. ನನ್ನ ಅನ್ನದ ವಿಷಯ ಅದು. ಮನೆಯವರಿಗೆ ಹೇಳಿಕೊಟ್ಟರೆ ಸಾಕಾಗಲ್ಲ ಅಂತ ಗೊತ್ತಾಯಿತು, ಸರಿ. ಆಮೇಲೆ ತಾಲ್ಲೂಕಿಗೆ ಎಷ್ಟು ಜನ ಫಿಜಿಯೋಗಳನ್ನು ಹಾಕಿದರು?

ಹೊಳಲ್ಕೆರೆ ಕಡೆ ಒಂದು ಮನೆಗೆ ಹೋಗುತ್ತೇನೆ. ಅಡಿಕೆ ತೋಟದ ಯಜಮಾನರು, ಎಡಭಾಗ ಬಿದ್ದಿದೆ. ಮೊದಲ ದಿನ ಹೋದಾಗ ಪಡಸಾಲೆಯ ತೊಲೆಗೆ ಹಳೇ ಬಾವಿ ರಾಟೆ ತೂಗುತ್ತಿತ್ತು. ಯಾರೋ ಹೇಳಿದರಂತೆ. ಸರಿಯಿದ್ದ ಕೈಯಲ್ಲಿ ಹಗ್ಗ ಎಳೆದು, ಬಿದ್ದ ಕೈಯನ್ನು ಮೇಲೆತ್ತುತ್ತಿದ್ದರು. ದಿನಕ್ಕೆ ನೂರು ಸಲ, ಹಲ್ಲು ಕಚ್ಚಿಕೊಂಡು. ಲಕ್ವ ಬಿದ್ದ ಭುಜಕ್ಕೆ ರಾಟೆ ಕಟ್ಟಿದರೆ ನೋವು ಜಾಸ್ತಿಯಾಗುತ್ತದೆ ಎಂದು 1990ರಲ್ಲೇ ಒಂದು ಅಧ್ಯಯನ ತೋರಿಸಿದೆ. ಅಷ್ಟು ವರ್ಷ ಕಳೆದರೂ ಆ ಮಾತು ಹೊಳಲ್ಕೆರೆಗೆ ಬಂದಿರಲಿಲ್ಲ. ರಾಟೆ ಬಿಚ್ಚಿಸಿದ್ದೇ ನನ್ನ ಮೊದಲ ಚಿಕಿತ್ಸೆ.

ನಮಗೆ ಕೊರತೆ ಇರುವುದು ತಿಳಿವಳಿಕೆಯದ್ದಲ್ಲ, ತಲುಪಿಸುವವರದ್ದು. ಬಿಪಿ ಮಾತ್ರೆ ನಿಲ್ಲಿಸಬಾರದು ಎಂದು ಕಂಡುಹಿಡಿಯಲು ಯಾರಿಗೂ ಫೆಲೋಶಿಪ್ ಬೇಕಿಲ್ಲ. ಲಕ್ವ ಹೆಪ್ಪಿನಿಂದ ಆಗಿದೆಯೋ ರಕ್ತಸ್ರಾವದಿಂದಲೋ ಎಂದು ಸಿಟಿ ಸ್ಕ್ಯಾನ್ ಇಲ್ಲದೆ ಹೇಳಲಾಗದು. ತಿಳಿಯದೆ ಆ ಇಂಜೆಕ್ಷನ್ ಕೊಡುವಂತೆಯೂ ಇಲ್ಲ. ಹಾಗಾಗಿ ಮೇಷ್ಟ್ರು ಎಮ್ಮೆ ಹಿಂಡುವ ಹೊತ್ತನ್ನು ನಿಮಿಷಕ್ಕೆ ಇಳಿಸಿದರೂ, ರಾತ್ರಿ ಹೊತ್ತು ಸ್ಕ್ಯಾನ್ ತೆಗೆಯುವವನು ಇಲ್ಲದ ಕಡೆ ಏನು ಮಾಡುವುದು?

ಕಲಿತು ಬಂದವರು ಇಲ್ಲೇ ಇರುತ್ತಾರೆಯೇ ಅನ್ನುವುದು ಇನ್ನೊಂದು. ನನ್ನ ಜೊತೆ ಓದಿದ ಇಬ್ಬರು ಸಂಶೋಧನೆಗೆ ಹೋದರು. ಒಬ್ಬಳು ಬೆಂಗಳೂರು, ಇನ್ನೊಬ್ಬ ಆಸ್ಟ್ರೇಲಿಯಾ. ನಾನಾಗಿದ್ದರೂ ವಾಪಸ್ ಬರುತ್ತಿರಲಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಅದೇ ಯಜಮಾನರ ಮನೆಗೆ ಒಮ್ಮೆ ಥೀಸಿಸ್ ಮಾಡುವ ಹುಡುಗನೊಬ್ಬ ಫೈಲ್ ಹಿಡಿದು ಬಂದಿದ್ದ. ಯಾವ ಕಾಲೇಜೋ ಬಿಡಿ. ಸ್ನಾನ ನೀವೇ ಮಾಡ್ತೀರಾ? ಮೆಟ್ಟಿಲು ಹತ್ತುತ್ತೀರಾ? ಉಚ್ಚೆ ತಡೆಯೋಕಾಗುತ್ತಾ? ತಮ್ಮ ಕೆಲಸ ತಾವೇ ಎಷ್ಟು ಮಾಡಿಕೊಳ್ಳುತ್ತಾರೆ ಎಂದು ಅಳೆಯಲು ಒಂದೊಂದಕ್ಕೂ ಅಂಕ ಹಾಕಿ, ಕೂಡಿಸಿ, ನೂರಕ್ಕೆ 45 ಅಂದ. ಯಜಮಾನರ ಹೆಂಡತಿ "ಪಾಸಾದ್ರಾ?" ಎಂದು ಕೇಳಿದರು. ಹುಡುಗ ನಕ್ಕ, ಟೀ ಕುಡಿದ, ಆರು ತಿಂಗಳಿಗೆ ಮತ್ತೆ ಬರ್ತೀನಿ ಅಂತ ಹೇಳಿ ಹೋದ. ಬರಲಿಲ್ಲ. ಫೆಲೋಶಿಪ್ ಇದ್ದಿದ್ದರೆ ಬರುತ್ತಿದ್ದ ಎಂದು ಮೇಷ್ಟ್ರು ಹೇಳಬಹುದು. ಇರಬಹುದು. ಆ ದುಡ್ಡಲ್ಲೇ ಇನ್ನೊಬ್ಬ ಫಿಜಿಯೋ ಬಂದರೆ ನಾನು ಅಲ್ಲಿಗೆ ವಾರಕ್ಕೊಂದರ ಬದಲು ಮೂರು ಸಲ ಹೋಗಬಲ್ಲೆ.

ಯಜಮಾನರು ಈಗ ಕೋಲು ಹಿಡಿದು ತೋಟದ ಬೇಲಿಯವರೆಗೆ ಹೋಗಿಬರುತ್ತಾರೆ. ಹೋದ ವಾರ ನನ್ನನ್ನೇ ಕೇಳಿದರು: "ಆ ಹುಡುಗ ಸಿಕ್ರೆ ಹೇಳವ್ವ, ಈಗ ಅರವತ್ತರ ಮೇಲೆ ಬರ್ತದೆ ಅಂತ."