ಶೆಲ್ಟರ್ ಬಾಗಿಲಲ್ಲಿ ಐಡಿ ಕಾರ್ಡ್

ಇದನ್ನು ಓದಿ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರುತ್ತದೆ, ಗೊತ್ತು. ಬರಲಿ. ನಾನು ಫ್ಲೋರಿಡಾದಲ್ಲಿದ್ದೇನೆ. ಜೂನ್ ಬಂತೆಂದರೆ ನವೆಂಬರ್‌ವರೆಗೆ ಹವಾಮಾನದ ನಕ್ಷೆ ನೋಡುತ್ತಲೇ ಬದುಕುವ ಊರು ನಮ್ಮದು. ಮನೆಯಲ್ಲಿ ಶಾಲೆಗೆ ಹೋಗುವ ಮಗಳಿದ್ದಾಳೆ. ಚಂಡಮಾರುತದ ದಿನ ಸೆಕ್ಸ್ ಅಫೆಂಡರ್ ಪಟ್ಟಿಯಲ್ಲಿರುವವರನ್ನು, ಅಂದರೆ ಲೈಂಗಿಕ ಅಪರಾಧದಲ್ಲಿ ಶಿಕ್ಷೆಯಾಗಿ ಸರ್ಕಾರದ ಬಳಿ ಹೆಸರು ನೋಂದಾಯಿಸಲೇಬೇಕಾದವರನ್ನು, ಶೆಲ್ಟರ್ (ತಾತ್ಕಾಲಿಕ ಆಶ್ರಯಕೇಂದ್ರ) ಬಾಗಿಲಿನಿಂದ ವಾಪಸ್ ಕಳಿಸಿದರೆ ಅವಳಿಗೆ ನಯಾಪೈಸೆಯಷ್ಟೂ ರಕ್ಷಣೆ ಸಿಗುವುದಿಲ್ಲ ಅಂತ ನನಗನ್ನಿಸುತ್ತದೆ.

2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬಂತಲ್ಲ, ಆಗಿನ ಮಾತು. ಸುಮಾರು 65 ಲಕ್ಷ ಜನರಿಗೆ ಮನೆ ಬಿಟ್ಟು ಹೊರಡಿ ಎಂದು ಆದೇಶವಾಗಿತ್ತು. ಟ್ಯಾಂಪಾ ಮತ್ತು ಒರ್ಲಾಂಡೊ ನಡುವಿನ ಪೋಲ್ಕ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಶೆರಿಫ್, ಅಂದರೆ ಪೊಲೀಸ್ ಮುಖ್ಯಸ್ಥ, ಗ್ರೇಡಿ ಜಡ್ ಟ್ವಿಟರ್‌ನಲ್ಲಿ ಒಂದರ ಹಿಂದೆ ಒಂದು ಎಚ್ಚರಿಕೆ ಹಾಕಿದರು. ಪ್ರತಿ ಶೆಲ್ಟರ್‌ನಲ್ಲೂ ಪೊಲೀಸರು ಐಡಿ ನೋಡುತ್ತಾರೆ. ವಾರಂಟ್ ಇದ್ದವರು ಬಂದರೆ ಕೌಂಟಿ ಜೈಲು ಎಂಬ ಭದ್ರವಾದ ಶೆಲ್ಟರ್‌ಗೆ ಖುಷಿಯಿಂದ ಕರೆದೊಯ್ಯುತ್ತೇವೆ. ಸೆಕ್ಸ್ ಅಫೆಂಡರ್‌ಗಳಿಗೆ ಒಳಗೆ ಜಾಗವಿಲ್ಲ, ಮುಗ್ಧ ಮಕ್ಕಳ ಜೊತೆ ಅವರನ್ನು ಇರಿಸಲು ಸಾಧ್ಯವೇ ಇಲ್ಲ, ಅಷ್ಟೆ.

ಜನ ಚಪ್ಪಾಳೆ ಹೊಡೆದರು. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲೂ ಹೊಡೆದರು. ಅದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮವರು ಇಲ್ಲಿ ಮನೆ ಕೊಳ್ಳುವಾಗ ಮೊದಲು ಶಾಲೆಯ ರೇಟಿಂಗ್ ನೋಡುತ್ತಾರೆ, ಆಮೇಲೆ ಈ ಪಟ್ಟಿಯ ನಕ್ಷೆ ತೆರೆಯುತ್ತಾರೆ. ಹೆಸರು, ಫೋಟೊ, ವಿಳಾಸ ಎಲ್ಲ ಯಾರು ಬೇಕಾದರೂ ನೋಡಬಹುದು. ದೇಶದಲ್ಲಿ ಲಕ್ಷಗಟ್ಟಲೆ ಹೆಸರುಗಳಿವೆ. ಮಗುವಿನ ಮೇಲೆ ಭೀಕರ ಅತ್ಯಾಚಾರ ಮಾಡಿದವನೂ ಅದರಲ್ಲಿದ್ದಾನೆ. ಇಪ್ಪತ್ತು ವರ್ಷದ ಹಿಂದೆ ಏನೋ ಮಾಡಿ, ಶಿಕ್ಷೆ ಮುಗಿಸಿ, ಈಗ ಗಾಲಿಕುರ್ಚಿಯಲ್ಲಿ ಕೂತ ಮುದುಕನೂ ಇದ್ದಾನೆ. ಫ್ಲೋರಿಡಾದಲ್ಲಂತೂ ರಾಜ್ಯ ಬಿಟ್ಟು ಹೋದರೂ ಹೆಸರು ಸುಲಭಕ್ಕೆ ಹೋಗುವುದಿಲ್ಲ.

ಈಗ ಚಂಡಮಾರುತದ ಹಿಂದಿನ ದಿನ ಪಟ್ಟಿಯಲ್ಲಿರುವವನ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ಅವನ ಮೇಲೆ ಪ್ರೀತಿ ಬೇಡ, ಸುಮ್ನೆ ಲೆಕ್ಕ ಹಾಕಿ ನೋಡಿ. ಇಲ್ಲಿ ಶೆಲ್ಟರ್ ಅಂದರೆ ಹೆಚ್ಚಾಗಿ ಸರ್ಕಾರಿ ಶಾಲೆ. ಗಾಳಿ ತಡೆಯುವಂತೆ ಗಟ್ಟಿಯಾಗಿ ಕಟ್ಟಿದ ಶಾಲೆಗಳೇ ನಮ್ಮ ಆಶ್ರಯ. ಆದರೆ ಮಕ್ಕಳ ಮೇಲಿನ ಅಪರಾಧದಲ್ಲಿ ಶಿಕ್ಷೆಯಾದವರು ಶಾಲೆ, ಡೇ ಕೇರ್, ಪಾರ್ಕ್‌ಗಳಿಂದ 1,000 ಅಡಿ ಒಳಗೆ ವಾಸಿಸಬಾರದು ಎಂದು ರಾಜ್ಯದ ಕಾನೂನು ಹೇಳುತ್ತದೆ. ಮಯಾಮಿ-ಡೇಡ್ ಕೌಂಟಿ 2005ರಲ್ಲಿ ಅದನ್ನು 2,500 ಅಡಿಗೆ ಏರಿಸಿತು. ಸರಿ, ಅಕ್ಕನ ಮನೆಗೆ ಹೋಗೋಣವೆಂದರೆ ಅದು ಶಾಲೆಯ ಹತ್ತಿರ. ಹೋಟೆಲ್‌ಗೆ ಹೋದರೆ ಪಕ್ಕದಲ್ಲೇ ಪಾರ್ಕ್. ಪ್ರೊಬೇಷನ್‌ನಲ್ಲಿದ್ದರೆ (ಜೈಲಿನ ಹೊರಗೆ ಅಧಿಕಾರಿಯ ನಿಗಾದಲ್ಲಿದ್ದರೆ) ಕೌಂಟಿ ದಾಟಲೂ ಅಧಿಕಾರಿಯ ಅನುಮತಿ ಬೇಕು. ಆ ಅಧಿಕಾರಿಯೂ ತನ್ನ ಮನೆಯವರನ್ನು ಕಾರಿಗೆ ಹತ್ತಿಸುತ್ತಿರುತ್ತಾನೆ. ವಿಳಾಸ ಬದಲಾದರೆ 48 ಗಂಟೆಯೊಳಗೆ ಖುದ್ದಾಗಿ ಹೋಗಿ ತಿಳಿಸಬೇಕು, ತಪ್ಪಿದರೆ ಹೊಸ ಕೇಸು. ಆದರೆ ತಿಳಿಸಬೇಕಾದ ಆಫೀಸಿನ ಕಿಟಕಿಗಳಿಗೆ ಆಗಲೇ ಪ್ಲೈವುಡ್ ಹೊಡೆದಿರುತ್ತಾರೆ. ಕಾಲಿಗೆ ಜಿಪಿಎಸ್ ಪಟ್ಟಿ ಇದ್ದರೆ ಅದನ್ನು ದಿನಾ ಚಾರ್ಜ್ ಮಾಡಬೇಕು. ಇರ್ಮಾ ಬಂದಾಗ ರಾಜ್ಯದ ಅರ್ಧಕ್ಕಿಂತ ಹೆಚ್ಚು ಕಡೆ ಕರೆಂಟೇ ಇರಲಿಲ್ಲ.

ಪ್ರವಾಹ ಬಂದು ಆಫೀಸಿಗೆ ಹೋಗಲಾಗದಿದ್ದರೆ ಶಿಕ್ಷೆ ಕೊಡುತ್ತಾರಾ ಎಂದು ನೀವು ಕೇಳಬಹುದು. ಅಮೆರಿಕದ 2006ರ ಕೇಂದ್ರ ಕಾನೂನಿನಲ್ಲಿ ಇದಕ್ಕೊಂದು ವಿನಾಯಿತಿ ಇದೆ. ಕೈಮೀರಿದ ಪರಿಸ್ಥಿತಿ ಇತ್ತು, ಅದು ಮುಗಿದ ಕೂಡಲೇ ನೋಂದಣಿ ಮಾಡಿಸಿದೆ ಎಂದು ತೋರಿಸಿದರೆ ಬಿಡುಗಡೆ. ಆದರೆ ಅದನ್ನು ತೋರಿಸಬೇಕಾದ್ದು ಆರೋಪಿಯೇ. ಅಂದರೆ ಮೊದಲು ಅರೆಸ್ಟ್, ವಾದ ಏನಿದ್ದರೂ ಆಮೇಲೆ.

ಇನ್ನೂ ಒಂದು ವಿಷಯ ಚರ್ಚೆಗೇ ಬರುವುದಿಲ್ಲ. ನನ್ನನ್ನು ಜಾಸ್ತಿ ಕಾಡುವುದು ಅದೇ. ಪಟ್ಟಿಯಲ್ಲಿರುವವರಿಗೂ ಹೆಂಡತಿ ಇರುತ್ತಾಳೆ, ವಯಸ್ಸಾದ ತಾಯಿ ಇರುತ್ತಾಳೆ, ಎಷ್ಟೋ ಮಂದಿಗೆ ಮಕ್ಕಳಿರುತ್ತಾರೆ. ನಾಲ್ಕು ಜನರ ಕುಟುಂಬ ಶೆಲ್ಟರ್‌ಗೆ ಬಂತೆನ್ನಿ. ಅಪ್ಪನ ಡ್ರೈವಿಂಗ್ ಲೈಸೆನ್ಸ್ ಮೇಲೆ ಕಾನೂನಿನ ಕಲಮಿನ ಸಂಖ್ಯೆ ಅಚ್ಚಾಗಿದೆ. ಫ್ಲೋರಿಡಾದಲ್ಲಿ ಅದು 943.0435. ಇನ್ನೂ ಗಂಭೀರ ಅಪರಾಧವಾಗಿದ್ದರೆ ‘ಸೆಕ್ಷುವಲ್ ಪ್ರೆಡೇಟರ್’ ಎಂದೇ ಬರೆದಿರುತ್ತಾರೆ. ಬಾಗಿಲಲ್ಲಿ ಅವನನ್ನು ನಿಲ್ಲಿಸುತ್ತಾರೆ. ಮನೆಯಲ್ಲಿ ಇರುವುದು ಒಂದೇ ಕಾರು, ಅದನ್ನು ಓಡಿಸುವವನೂ ಅವನೇ. ಹೆಂಡತಿ ಏನು ಮಾಡಬೇಕು? ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿ, ಗಂಡನನ್ನು ಗಾಳಿಗೆ ಬಿಡಬೇಕೆ? ಎಷ್ಟು ಜನ ಹಾಗೆ ಮಾಡುತ್ತಾರೆ? ನಾನಾಗಿದ್ದರೆ ಎಲ್ಲರೂ ವಾಪಸ್ ಮೊಬೈಲ್ ಹೋಮ್‌ಗೆ (ಕಾರ್ಖಾನೆಯಲ್ಲಿ ಕಟ್ಟಿ ತಂದಿಡುವ ಹಗುರ ಮನೆ) ಹೋಗುತ್ತಿದ್ದೆವು. ಚಂಡಮಾರುತದಲ್ಲಿ ಮೊದಲು ಹಾರಿಹೋಗುವುದೇ ಮೊಬೈಲ್ ಹೋಮ್. ಮುಗ್ಧ ಮಕ್ಕಳ ರಕ್ಷಣೆಗೆ ಮಾಡಿದ ನಿಯಮ ಅಂತೀರಲ್ಲ, ಈ ಮಕ್ಕಳು ಯಾರ ಲೆಕ್ಕದಲ್ಲಿದ್ದಾರೆ?

ಹೊರಗೆ ಹಾಕಿದ ಮನುಷ್ಯ ಮಾಯವಾಗುವುದಿಲ್ಲ ಅಂತ ಮಯಾಮಿಗೆ ಚೆನ್ನಾಗಿ ಗೊತ್ತು. 2,500 ಅಡಿಯ ನಿಯಮ ಬಂದ ಮೇಲೆ ಎಲ್ಲೂ ಮನೆ ಸಿಗದವರು ಜೂಲಿಯಾ ಟಟಲ್ ಸೇತುವೆಯ ಕೆಳಗೆ ಟೆಂಟ್ ಹಾಕಿದರು. ಅದೊಂದು ಸಣ್ಣ ಕಾಲೊನಿಯೇ ಆಯಿತು. ಸಮುದ್ರದ ನೀರಿನ ಪಕ್ಕ, ಚಂಡಮಾರುತದ ಹಾದಿಯಲ್ಲಿ! 2010ರಲ್ಲಿ ಅದನ್ನು ಎಬ್ಬಿಸಿದರು. ಜನ ಮತ್ತೆಲ್ಲೋ ರಸ್ತೆ ಬದಿ ಸೇರಿದರು. ಈ ನಿಯಮಕ್ಕೆ ಬಲವಾಗಿ ನಿಂತವರು ರಾನ್ ಬುಕ್ ಎಂಬ ಪ್ರಭಾವಿ ಲಾಬಿದಾರ. ಅವರ ಮಗಳು ಚಿಕ್ಕವಳಿದ್ದಾಗ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಂಗಸೇ ವರ್ಷಗಟ್ಟಲೆ ದೌರ್ಜನ್ಯ ಮಾಡಿದ್ದಳು. ಆ ಮಗಳು ಅದನ್ನು ತಾನೇ ಬಹಿರಂಗವಾಗಿ ಹೇಳಿಕೊಂಡು, ಮುಂದೆ ರಾಜ್ಯದ ಸೆನೆಟರ್ ಆದರು. ಆ ತಂದೆಯ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಆ ಹೆಂಗಸು ಇದ್ದದ್ದು 2,500 ಅಡಿ ದೂರದಲ್ಲಲ್ಲ, ಮನೆಯ ಒಳಗೆ.

ಚಂಡಮಾರುತದ ಹಾಗೆ ಚಳಿಯೂ ಪ್ರಕೃತಿಯದೇ ಅಲ್ವಾ? 2009ರ ಜನವರಿಯಲ್ಲಿ ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಪಟ್ಟಿಯಲ್ಲಿದ್ದ ಒಬ್ಬ ನಿರಾಶ್ರಿತ ಕೊರೆವ ಚಳಿಯಲ್ಲಿ ಹೊರಗೆ ಸತ್ತುಬಿದ್ದಿದ್ದ. ಊರಿನ ಆಶ್ರಯಕೇಂದ್ರಗಳು ಶಾಲೆಯಿಂದ 1,000 ಅಡಿ ಒಳಗಿದ್ದುದರಿಂದ ಅವನಂಥವರನ್ನು ಉಳಿಸಿಕೊಳ್ಳುವಂತಿರಲಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ 2003ರಲ್ಲಿ ಅಲಾಸ್ಕಾದ ಕೇಸಿನಲ್ಲಿ ಈ ಪಟ್ಟಿ ಶಿಕ್ಷೆಯಲ್ಲ, ಬರೀ ಆಡಳಿತದ ಕ್ರಮ ಎಂದಿತ್ತು. ಆಗಿನ ಪಟ್ಟಿ ಬೇರೆ, ಈಗಿನದು ಬೇರೆ. 2016ರಲ್ಲಿ ಮಿಷಿಗನ್‌ನ ಕಾನೂನನ್ನು ನೋಡಿದ ಫೆಡರಲ್ ಮೇಲ್ಮನವಿ ಕೋರ್ಟ್ ಇದು ಶಿಕ್ಷೆಯೇ ಎಂದು ಹೇಳಿತು.

‘ನಿನ್ನ ಮಗಳ ಪಕ್ಕದ ಮಂಚದಲ್ಲಿ ಅವನನ್ನು ಮಲಗಿಸುತ್ತೀಯಾ?’ ಅಂತ ಒಬ್ಬ ಗೆಳೆಯ ಕೇಳಿದ. ಇಲ್ಲ, ಮಲಗಿಸುವುದಿಲ್ಲ. ಅಪಾಯ ಸೊನ್ನೆ ಎಂದು ನಾನು ಹೇಳುತ್ತಿಲ್ಲ. 2005ರಲ್ಲಿ ಜೈಲಿನಿಂದ ಬಿಡುಗಡೆಯಾದ ಲೈಂಗಿಕ ಅಪರಾಧಿಗಳನ್ನು ನ್ಯಾಯ ಇಲಾಖೆಯ ಅಂಕಿಅಂಶ ವಿಭಾಗ 9 ವರ್ಷ ಗಮನಿಸಿತ್ತು. ಮತ್ತೆ ಅತ್ಯಾಚಾರ ಅಥವಾ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಬಂಧನವಾದವರು ಶೇ. 7.7. ಜನ ಅಂದುಕೊಂಡದ್ದಕ್ಕಿಂತ ಇದು ಬಹಳ ಕಡಿಮೆ, ಆದರೆ ನೂರರಲ್ಲಿ ಏಳೆಂಟು ಮಂದಿ ಎಂದರೆ ಹಗುರವಾದ ಮಾತಲ್ಲ. ಪೊಲೀಸರವರೆಗೆ ಹೋಗದ ಪ್ರಕರಣಗಳು ಬೇರೆ. 2005ರ ಕತ್ರೀನಾ ಚಂಡಮಾರುತದ ನಂತರ ಶೆಲ್ಟರ್‌ಗಳಲ್ಲೂ ಆಶ್ರಯ ಕೊಟ್ಟ ಮನೆಗಳಲ್ಲೂ ಹೆಂಗಸರ ಮೇಲೆ ದೌರ್ಜನ್ಯ ನಡೆದ ವರದಿಗಳಿವೆ. ಭಯ ಸುಳ್ಳಲ್ಲ.

ಆದರೆ ಆ ಭಯಕ್ಕೆ ಬಾಗಿಲು ಮುಚ್ಚುವುದು ಪರಿಹಾರವಲ್ಲ. ರೆಡ್ ಕ್ರಾಸ್‌ನ ಶೆಲ್ಟರ್ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ. ಯಾವುದೇ ಕಾರಣಕ್ಕೆ ಸರ್ಕಾರದ ಬಳಿ ನೋಂದಣಿ ಮಾಡಿಸಲೇಬೇಕು ಎಂಬ ಕಾನೂನು ನಿಮಗೆ ಅನ್ವಯಿಸುತ್ತದೆಯೇ? ಹೌದಾದರೆ ಮ್ಯಾನೇಜರ್ ಜೊತೆ ಮಾತಾಡಬೇಕು. ಒಳ್ಳೆಯ ಪ್ರಶ್ನೆ. ಹೌದು ಎಂದರೆ ಬೇರೆ ಕೋಣೆ, ಬೇರೆ ಶೌಚಾಲಯ, ಒಬ್ಬ ಪೊಲೀಸ್ ಸಿಗುತ್ತಾರೆ ಅಂತಾದರೆ ಜನ ನಿಜ ಹೇಳುತ್ತಾರೆ. ಹೌದು ಎಂದರೆ ಮಳೆಗೆ ದಬ್ಬುತ್ತಾರೆ ಅಂತಾದರೆ ಯಾರು ಹೇಳುತ್ತಾರೆ? ಐಡಿ ಕಳೆದುಹೋಯಿತು ಅಂತಾನೆ. ಪಕ್ಕದ ಕೌಂಟಿಗೆ ಹೋಗಿ ಬೇರೆ ಹೆಸರು ಕೊಡುತ್ತಾನೆ. ಆಗ ಅವನು ನಿಜವಾಗಿಯೂ ನನ್ನ ಮಗಳ ಪಕ್ಕದ ಮಂಚದಲ್ಲಿರುತ್ತಾನೆ, ಯಾರಿಗೂ ಗೊತ್ತಿಲ್ಲದೆ. (ಅಂದಹಾಗೆ, ಬಾಗಿಲಲ್ಲಿ ಐಡಿ ಕೇಳುತ್ತಾರೆ ಎಂದರೆ ದಾಖಲೆ ಇಲ್ಲದ ವಲಸಿಗರೂ ಬರಲು ಹೆದರುತ್ತಾರೆ. ಅವರು ಯಾವ ಪಟ್ಟಿಯಲ್ಲೂ ಇಲ್ಲ.)

ಪಟ್ಟಿ ನೋಡಿ ಬಾಗಿಲು ಕಾದರೆ ಒಳಗಿನದು ಸುರಕ್ಷಿತ ಅಂದುಕೊಳ್ಳುವುದು ಇನ್ನೂ ದೊಡ್ಡ ಅಪಾಯ. ನ್ಯಾಯ ಇಲಾಖೆ 2000ದಲ್ಲಿ ಹೊರತಂದ ಪೊಲೀಸ್ ದಾಖಲೆಗಳ ಅಧ್ಯಯನದಲ್ಲಿ, ದೌರ್ಜನ್ಯಕ್ಕೊಳಗಾದ ಮಕ್ಕಳಲ್ಲಿ ಶೇ. 93ರಷ್ಟು ಮಕ್ಕಳಿಗೆ ಆರೋಪಿ ಪರಿಚಿತ. ಮನೆಯವರು, ನೆಂಟರು, ಅಕ್ಕಪಕ್ಕದವರು. ಭಾರತದ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆ) ವರದಿಗಳಲ್ಲೂ ವರ್ಷ ವರ್ಷ ಇದೇ ಚಿತ್ರ. ರಾತ್ರಿ ಆರದ ದೀಪ, ಶೌಚಾಲಯದ ದಾರಿಯಲ್ಲಿ ಕಾವಲು, ಮಕ್ಕಳಿರುವ ಕುಟುಂಬಗಳಿಗೆ ಪ್ರತ್ಯೇಕ ಜಾಗ, ಒಂಟಿ ಮಗು ಕಂಡರೆ ಏನು ಮಾಡಬೇಕೆಂದು ಗೊತ್ತಿರುವ ಸ್ವಯಂಸೇವಕರು. ಪಟ್ಟಿಯಲ್ಲಿರುವವನಿಂದಲೂ ಇಲ್ಲದವನಿಂದಲೂ ಕಾಪಾಡುವುದು ಇವೇ.

ಊರಿನ ಗೆಳೆಯರಿಗೂ ಒಂದು ಮಾತು. 2018ರಲ್ಲಿ ಭಾರತವೂ ಲೈಂಗಿಕ ಅಪರಾಧಿಗಳ ಸುಮಾರು 4.4 ಲಕ್ಷ ಹೆಸರುಗಳ ಡೇಟಾಬೇಸ್ ಶುರು ಮಾಡಿತು. ಅದನ್ನು ಪೊಲೀಸರು ಮಾತ್ರ ನೋಡಬಹುದು. ಪ್ರತಿ ಭೀಕರ ಪ್ರಕರಣದ ನಂತರ ಅಮೆರಿಕದ ಹಾಗೆ ನಾವೂ ಎಲ್ಲರಿಗೂ ತೆರೆದಿಡೋಣ ಎಂಬ ಕೂಗು ಏಳುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದು, ಸಾವಿರಾರು ಜನ ಪರಿಹಾರ ಕೇಂದ್ರಗಳಲ್ಲಿ ಮಲಗಿದ್ದರು. ಅಂಥ ಕಡೆ ಬಾಗಿಲಲ್ಲಿ ಒಬ್ಬ ಪಟ್ಟಿ ಹಿಡಿದು ನಿಂತರೆ ಏನಾದೀತು ಎಂದು ಕೂಗುವ ಮೊದಲು ಯೋಚಿಸಿ. ಅಮೆರಿಕದ ಪಟ್ಟಿಗೆ ಬುನಾದಿ ಹಾಕಿದ್ದು 1994ರ ಕಾನೂನು. 1989ರಲ್ಲಿ ಮಿನ್ನೆಸೋಟಾದಲ್ಲಿ ಅಪಹರಣವಾದ ಜೇಕಬ್ ವೆಟರ್ಲಿಂಗ್ ಎಂಬ ಹುಡುಗನ ಹೆಸರು ಅದಕ್ಕಿದೆ. ಅದಕ್ಕಾಗಿ ಹೋರಾಡಿದ ತಾಯಿ ಪ್ಯಾಟಿ ವೆಟರ್ಲಿಂಗ್ ಅವರೇ ಮುಂದೆ ಈ ಕಾನೂನುಗಳು ಅತಿಯಾಗಿವೆ ಎಂದರು. ಮಗನನ್ನು ಕಳೆದುಕೊಂಡ ತಾಯಿ ಹೇಳಿದ ಮೇಲೂ ನಮಗೆ ಕೇಳಿಸುವುದಿಲ್ಲವೆಂದರೆ ಏನು ಹೇಳೋಣ.

ಶೆರಿಫ್ ಜಡ್ ಮೇಲೆ ನನ್ನ ದೂರು ಅವರು ಕಠಿಣ ಎಂದಲ್ಲ. ಗಾಳಿ ನಾಲ್ಕು ದಿನ ದೂರವಿದ್ದಾಗ ಟ್ವೀಟ್ ಮಾಡುವುದು ಸುಲಭ. ಫೆಬ್ರವರಿಯಲ್ಲಿ ಕೂತು ಶಾಲೆಯಲ್ಲದ ಒಂದು ಗಟ್ಟಿ ಕಟ್ಟಡ ಹುಡುಕುವುದು ಕಷ್ಟದ ಕೆಲಸ, ಅದಕ್ಕೆ ವೋಟೂ ಬೀಳುವುದಿಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬನ ವಿಳಾಸ ಕೌಂಟಿಯ ಬಳಿ ಮೊದಲೇ ಇದೆ. ನಿನ್ನ ಜಾಗ ಇಂಥದ್ದು, ಹೆಂಡತಿ ಮಕ್ಕಳ ಜಾಗ ಇಂಥದ್ದು, ಗಾಳಿ ಬರುವ ಮುಂಚೆ ಈ ನಂಬರಿಗೆ ಫೋನ್ ಮಾಡು ಎಂದು ಮೇ ತಿಂಗಳಲ್ಲೇ ಪತ್ರ ಹಾಕಬಹುದು. ನಮ್ಮ ಕೌಂಟಿ ಹಾಗೆ ಹಾಕುತ್ತದೆಯೇ ಎಂದು ಮುಂದಿನ ಸಾರ್ವಜನಿಕ ಸಭೆಯಲ್ಲಿ ಕೇಳುವವನಿದ್ದೇನೆ. ಅಲ್ಲಿ ಒಬ್ಬೊಬ್ಬರಿಗೆ ಮಾತಾಡಲು ಕೊಡುವುದು ಎರಡು ಮೂರು ನಿಮಿಷ ಅಷ್ಟೆ. ಜೊತೆಗೆ ಇನ್ನಿಬ್ಬರು ಬಂದರೆ ವಿಷಯ ಪೂರ್ತಿ ಹೇಳಬಹುದು. ಬರುವವರು ಇನ್‌ಬಾಕ್ಸ್ ಮಾಡಿ.