ಯುರೋಪಿನ ಚಿಕ್ಕ ದೇಶಗಳನ್ನು ವೀಟೊ ಕಾಯುತ್ತಿಲ್ಲ

ಯುರೋಪಿಯನ್ ಒಕ್ಕೂಟದಲ್ಲಿ 27 ದೇಶಗಳಿವೆ. ವಿದೇಶಾಂಗ ನೀತಿ, ತೆರಿಗೆ, ಹೊಸ ದೇಶಗಳ ಸೇರ್ಪಡೆಯಂಥ ವಿಷಯಗಳಲ್ಲಿ ಎಲ್ಲರೂ ಒಪ್ಪಲೇಬೇಕು. ಒಬ್ಬರು ಬೇಡ ಅಂದರೂ ಕೆಲಸ ನಿಂತುಹೋಗುತ್ತದೆ. ಈ ವೀಟೊ ಹೋಗಬೇಕು ಅಂದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: ಹಾಗಾದ್ರೆ ಜರ್ಮನಿ, ಫ್ರಾನ್ಸ್ ಹೇಳಿದ್ದೇ ನಡೆಯುತ್ತಲ್ವಾ, ಚಿಕ್ಕವರ ಗತಿ ಏನು? ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ವೀಟೊ ಚಿಕ್ಕವರನ್ನು ಕಾಪಾಡುತ್ತದೆ ಅನ್ನೋದನ್ನು ನಾನು ಒಪ್ಪುವುದಿಲ್ಲ.

ಉತ್ತರ ಮ್ಯಾಸಿಡೋನಿಯಾವನ್ನೇ ನೋಡಿ. 20 ಲಕ್ಷಕ್ಕಿಂತ ಕಡಿಮೆ ಜನ. 2005ರಲ್ಲೇ ಒಕ್ಕೂಟ ಅದನ್ನು ಅಭ್ಯರ್ಥಿ ದೇಶ ಎಂದು ಒಪ್ಪಿತ್ತು. ಗ್ರೀಸ್ ಅಡ್ಡ ನಿಂತಿತು. ಮ್ಯಾಸಿಡೋನಿಯಾ ನಮ್ಮ ಪ್ರಾಂತ್ಯದ ಹೆಸರು, ನೀವು ಇಟ್ಟುಕೊಳ್ಳುವ ಹಾಗಿಲ್ಲ ಅಂತ. ವರ್ಷಗಟ್ಟಲೆ ಎಳೆದಾಡಿ, 2018ರಲ್ಲಿ ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದವಾಯಿತು. 2019ರಲ್ಲಿ ಆ ದೇಶ ತನ್ನ ಹೆಸರಿನ ಮುಂದೆ 'ಉತ್ತರ' ಸೇರಿಸಿಕೊಂಡಿತು. ಒಂದು ದೇಶ ತನ್ನ ಹೆಸರನ್ನೇ ಬಿಟ್ಟುಕೊಟ್ಟಿತು! ಅದೇ ಅಕ್ಟೋಬರಿನಲ್ಲಿ ಫ್ರಾನ್ಸ್ ತಡೆಯಿತು. ಮೊದಲು ಸೇರ್ಪಡೆಯ ವಿಧಾನ ಸರಿಯಾಗಲಿ ಎಂದಿತು. ಅದು ಮುಗಿಯಿತು ಅನ್ನುವಷ್ಟರಲ್ಲಿ, 2020ರ ನವೆಂಬರಿನಲ್ಲಿ ಬಲ್ಗೇರಿಯಾ. ನಿಮ್ಮದು ಬೇರೆ ಭಾಷೆಯೇ ಅಲ್ಲ, ನಿಮ್ಮ ಇತಿಹಾಸವೂ ನೀವು ಹೇಳುವ ಹಾಗಿಲ್ಲ ಅನ್ನೋದು ಅದರ ತಕರಾರು. 2022ರಲ್ಲಿ ಬಲ್ಗೇರಿಯಾ ಪಟ್ಟು ಸಡಿಲಿಸಿತು. ಆದರೆ ಉತ್ತರ ಮ್ಯಾಸಿಡೋನಿಯಾದ ಸಂವಿಧಾನದಲ್ಲಿ ಬಲ್ಗೇರಿಯನ್ನರನ್ನು ಹೆಸರಿಸಬೇಕು ಎಂಬ ಷರತ್ತು ಬಂತು. ನಿನ್ನ ಮಾತು ಭಾಷೆಯೇ ಅಲ್ಲ ಅಂದರೆ ಎಷ್ಟು ಚುಚ್ಚುತ್ತದೆ ಅಂತ ಕನ್ನಡದವರಿಗೆ ಬಿಡಿಸಿ ಹೇಳಬೇಕಾ? ಇಲ್ಲಿ ವೀಟೊ ಕಾಪಾಡಿದ್ದು ಯಾರನ್ನು?

ಇನ್ನೊಂದು, 2023ರ ಡಿಸೆಂಬರ್ 14. ಉಕ್ರೇನ್ ಜೊತೆ ಸೇರ್ಪಡೆ ಮಾತುಕತೆ ಶುರುಮಾಡುವ ತೀರ್ಮಾನ ಆಗಬೇಕಿತ್ತು. ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬಾನ್ ಕೋಣೆಯಿಂದ ಎದ್ದು ಹೊರಗೆ ಹೋದರು, ಉಳಿದ 26 ಜನ ಪಾಸು ಮಾಡಿದರು. ಹಿಂದಿನ ದಿನವಷ್ಟೇ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್, ಹಂಗೇರಿಗೆ ತಡೆಹಿಡಿದಿದ್ದ ಹಣದಲ್ಲಿ 1,020 ಕೋಟಿ ಯೂರೊಗೆ ದಾರಿ ಬಿಟ್ಟಿತ್ತು. ನ್ಯಾಯಾಂಗ ಸುಧಾರಣೆ ಆಗಿದೆ ಎಂಬುದು ಕೊಟ್ಟ ಕಾರಣ. ನಂಬುವವರು ನಂಬಲಿ, ನನಗೆ ಕಾಣುವುದು ಚೌಕಾಸಿ. ಅದೇ ರಾತ್ರಿ ಓರ್ಬಾನ್ ಉಕ್ರೇನಿನ 5,000 ಕೋಟಿ ಯೂರೊ ನೆರವನ್ನು ತಡೆದರು. ಅದು ಪಾಸಾಗಿದ್ದು 2024ರ ಫೆಬ್ರುವರಿ 1ಕ್ಕೆ. ಯುದ್ಧದಲ್ಲಿರುವ ದೇಶ ಅಲ್ಲಿಯವರೆಗೆ ಕಾಯಬೇಕಾಯಿತು.

ಅಷ್ಟಕ್ಕೂ ಈ ವೀಟೊ ಅಭ್ಯಾಸವನ್ನು ಗಟ್ಟಿಮಾಡಿದ್ದು ಚಿಕ್ಕ ದೇಶ ಅಲ್ಲ. 1965ರಲ್ಲಿ ಬಹುಮತದ ನಿರ್ಧಾರ ಜಾಸ್ತಿಯಾಗುತ್ತದೆ ಎಂದಾಗ ಫ್ರಾನ್ಸಿನ ಅಧ್ಯಕ್ಷ ದ ಗಾಲ್ ಅಂದಿನ ಒಕ್ಕೂಟದ ಸಭೆಗಳಿಂದ ತಮ್ಮ ಪ್ರತಿನಿಧಿಗಳನ್ನು ವಾಪಸ್ ಕರೆಸಿಕೊಂಡರು. 1966ರ ಜನವರಿವರೆಗೆ ಕುರ್ಚಿ ಖಾಲಿ. ಕೊನೆಗೆ ಲಕ್ಸೆಂಬರ್ಗಿನಲ್ಲಿ ರಾಜಿಯಾಗಿ, ಮುಖ್ಯ ವಿಷಯಗಳಲ್ಲಿ ಎಲ್ಲರೂ ಒಪ್ಪುವವರೆಗೆ ಕಾಯುವ ರೂಢಿ ಉಳಿಯಿತು.

ಚಿಕ್ಕವರನ್ನು ನಿಜವಾಗಿ ಕಾಯುವುದು ಮತದ ಲೆಕ್ಕ. ಬಹುಮತದ ನಿರ್ಧಾರಕ್ಕೆ 27ರಲ್ಲಿ 15 ದೇಶ ಬೇಕು, ಜೊತೆಗೆ ಒಕ್ಕೂಟದ ಜನಸಂಖ್ಯೆಯ 65 ಶೇಕಡ ಬೇಕು. ಜರ್ಮನಿ, ಫ್ರಾನ್ಸ್, ಇಟಲಿ, ಸ್ಪೇನ್ ಒಟ್ಟಾದರೆ ಒಂದು ನಿರ್ಧಾರವನ್ನು ತಡೆಯಬಹುದು. ತಮಗೆ ಬೇಕಾದ್ದನ್ನು ಪಾಸು ಮಾಡಿಸಬೇಕಾದರೆ ಇನ್ನೂ ಕನಿಷ್ಠ 11 ದೇಶಗಳ ಮನವೊಲಿಸಬೇಕು. ಒಕ್ಕೂಟದ ಸಂಸತ್ತಿನ 720 ಸೀಟುಗಳಲ್ಲಿ ಜರ್ಮನಿಗೆ 96. ಐದೂವರೆ ಲಕ್ಷ ಜನರ ಮಾಲ್ಟಾಗೆ 6. ಅಂದರೆ ಮಾಲ್ಟಾದವರ ಮತಕ್ಕೆ ಜರ್ಮನಿಯವರದಕ್ಕಿಂತ ಸುಮಾರು ಒಂಬತ್ತು ಪಟ್ಟು ತೂಕ. ಲೋಕಸಭಾ ಕ್ಷೇತ್ರ ಮರುವಿಂಗಡಣೆಯಲ್ಲಿ ತಲೆ ಎಣಿಕೆಯೊಂದೇ ಅಳತೆ ಆಗಬಾರದು ಅಂತ ದಕ್ಷಿಣದವರು ಕೇಳುತ್ತಿದ್ದಾರಲ್ಲ, ಅದನ್ನು ಯುರೋಪಿನವರು ಒಪ್ಪಂದದಲ್ಲೇ ಬರೆದುಕೊಂಡಿದ್ದಾರೆ.

ಸೈನಿಕರನ್ನು ಯುದ್ಧಕ್ಕೆ ಕಳಿಸುವ ಮಾತು ಬೇರೆ. ಅದನ್ನು ಆಯಾ ದೇಶವೇ ತೀರ್ಮಾನಿಸಲಿ. ಆದರೆ ನಿರ್ಬಂಧ ಹೇರುವುದು, ಸೇರ್ಪಡೆ ಮಾತುಕತೆಯ ಒಂದೊಂದು ಹಂತ ದಾಟಿಸುವುದು, ಇವೆಲ್ಲ ಬಹುಮತಕ್ಕೆ ಬರಬೇಕು. ಒಪ್ಪಂದವನ್ನೇ ತಿದ್ದದೆ ಅನೇಕ ವಿಷಯಗಳನ್ನು ಹಾಗೆ ಬದಲಿಸಲು ಒಕ್ಕೂಟದ ನಿಯಮಗಳಿರುವ ಲಿಸ್ಬನ್ ಒಪ್ಪಂದದಲ್ಲಿ ದಾರಿ ಇದೆ. ಆದರೆ ಆ ದಾರಿ ಹಿಡಿಯುವುದಕ್ಕೂ 27 ದೇಶಗಳೂ ಒಪ್ಪಬೇಕು! ಉಕ್ರೇನ್, ಮಾಲ್ಡೋವಾ, ಮಾಂಟೆನೆಗ್ರೊ, ಅಲ್ಬೇನಿಯಾ ಬಾಗಿಲಲ್ಲಿ ಕಾಯುತ್ತಿವೆ. ಒಳಗೆ ಬಂದ ಪ್ರತಿ ದೇಶದ ಕೈಗೂ ಒಂದೊಂದು ವೀಟೊ ಸಿಗುತ್ತದೆ. 27 ಜನರನ್ನು ಒಪ್ಪಿಸುವುದೇ ಇಷ್ಟು ಕಷ್ಟ. ಹಾಗಾಗಿ ಈ ಬದಲಾವಣೆ ಅವರು ಬರುವುದಕ್ಕೆ ಮೊದಲೇ ಆಗಬೇಕು.